ಭಾನುವಾರದ ಕೆಂಪು ಚುಕ್ಕೆಗಳು

ನಾದಿನಿಯ ಹೊಸ ಮನೆಯ ಗೃಹಪ್ರವೇಶ. ಬೆಳಗಿನ ಜಾವ ಮೂರಕ್ಕೇ ಎದ್ದಿದ್ದೆ. ಪೂಜೆ ಮುಗಿಯುವವರೆಗೆ ಕಾಫಿಯೂ ಇಲ್ಲ, ತುತ್ತೂ ಇಲ್ಲ. ಹಸಿ ಬಣ್ಣದ ವಾಸನೆ, ಹೋಮದ ಹೊಗೆ, ಮುಡಿಯಲ್ಲಿದ್ದ ಸಂಪಿಗೆಯ ಘಮ. ಏಳರ ಸುಮಾರಿಗೆ ಒಂದರ ಹಿಂದೊಂದು ಆಕಳಿಕೆ ಬಂತು, ಕತ್ತು ಬಿಗಿಯಿತು. ನಿದ್ದೆಗೆಟ್ಟಿದ್ದಕ್ಕೆ ಎಂದುಕೊಂಡೆ. ಪೂರ್ಣಾಹುತಿಯ ಹೊತ್ತಿಗೆ ಬಲಗಣ್ಣಿನ ಹಿಂದೆ ನೋವು ಬಡಿದುಕೊಳ್ಳತೊಡಗಿತು. ಆರತಿ ತಟ್ಟೆಯ ಹೊಳಪನ್ನೂ ನೋಡಲಾಗಲಿಲ್ಲ. ಉಗ್ರಾಣದ ಕೋಣೆಯ ಬಾಗಿಲು ಹಾಕಿಕೊಂಡು, ತಣ್ಣನೆಯ ಗೋಡೆಗೆ ಹಣೆ ಒತ್ತಿ ಸಂಜೆಯವರೆಗೆ ಕುಳಿತಿದ್ದೆ. ಒಗ್ಗರಣೆಯ ವಾಸನೆ ತೇಲಿ ಬಂದಾಗಲೆಲ್ಲ ವಾಂತಿ. ಅತ್ತೆ ಪಿತ್ತವೆಂದರು, ಇನ್ನೊಬ್ಬರು ದೃಷ್ಟಿ ತೆಗೆದರು. ಇಬ್ಬರದೂ ಕಳಕಳಿಯೇ.

ನನ್ನ ಮಟ್ಟಿಗೆ ಈ ಅರೆತಲೆನೋವಿನ (ಮೈಗ್ರೇನ್) ಅಪರಾಧಿ ಅವರೆಕಾಳು. ಎರಡು ವರ್ಷದಿಂದ ಅದನ್ನು ಮುಟ್ಟಿರಲಿಲ್ಲ, ಆದರೂ ಅರೆತಲೆನೋವು ಬಿಟ್ಟಿರಲಿಲ್ಲ. ಆ ಗೃಹಪ್ರವೇಶದ ನಂತರ ಕಂಡ ನರರೋಗ ತಜ್ಞೆ, ಊಹೆ ಬಿಟ್ಟು ಬರೆದಿಡಿ ಎಂದರು. ಆಕಳಿಕೆ, ಕತ್ತು ಬಿಗಿತ ಕಾರಣವಲ್ಲ, ನೋವಿಗೆ ಎಷ್ಟೋ ಗಂಟೆ ಮೊದಲೇ ಶುರುವಾದ ಮೈಗ್ರೇನ್ ಅದು ಎಂದೂ ವಿವರಿಸಿದರು. ನೋವಿನ ಮಾತ್ರೆಯನ್ನು ತಿಂಗಳಲ್ಲಿ ಹದಿನೈದೋ ಅದಕ್ಕಿಂತ ಹೆಚ್ಚೋ ದಿನ, ತಿಂಗಳುಗಟ್ಟಲೆ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು, ಕೆಲವು ಮಾತ್ರೆಗಳಿಗೆ ಹತ್ತು ದಿನವೇ ಸಾಕು ಎಂದಾಗ ನಿಜಕ್ಕೂ ಬೆಚ್ಚಿದೆ. ನಾನು ಅದರ ಹತ್ತಿರದಲ್ಲೇ ಇದ್ದೆ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆಯಲಾರಂಭಿಸಿದೆ: ಮಲಗಿದ್ದು, ಎದ್ದದ್ದು, ತಿಂಡಿ, ಕಾಫಿ, ಮುಟ್ಟಿನ ದಿನ. ನೋವು ಬಂದ ದಿನಕ್ಕೆ ಕೆಂಪು ಚುಕ್ಕೆ. ಮೂರು ತಿಂಗಳ ಹಾಳೆಗಳನ್ನು ನೆಲದ ಮೇಲೆ ಹಾಸಿ ನೋಡಿದರೆ ಚುಕ್ಕೆಗಳು ಭಾನುವಾರದ ಸಾಲಿನಲ್ಲೇ ಹೆಚ್ಚು. ವಾರವೆಲ್ಲ ಐದೂವರೆಗೆ ಎದ್ದು ಆರಕ್ಕೆ ಕಾಫಿ ಕುಡಿಯುವ ನಾನು ಭಾನುವಾರ ಎಂಟಕ್ಕೆ ಏಳುತ್ತಿದ್ದೆ, ತಿಂಡಿ ಹತ್ತೂವರೆಗೆ. ಬಿಡುವಿನ ದಿನವೇ ನನಗೆ ಮುಳುವಾಗಿತ್ತು. ಬೇಕೆಂದೇ ಮೂರು ಸಲ ಅವರೆಕಾಳಿನ ಸಾರು ಉಂಡೆ, ಏನೂ ಆಗಲಿಲ್ಲ. ಎರಡು ಅವರೆಕಾಯಿ ಕಾಲ ಸುಮ್ಮನೆ ಕಳೆದುಕೊಂಡೆನಲ್ಲ ಎಂದು ಈಗಲೂ ಹೊಟ್ಟೆ ಉರಿಯುತ್ತದೆ.

ಬರೀ ಹೊಗೆಯನ್ನು ತಾಳಬಲ್ಲೆ, ಬರೀ ಹಸಿವನ್ನೂ ತಾಳಬಲ್ಲೆ. ನಿದ್ದೆ ಕೆಟ್ಟ ದಿನ ಎರಡೂ ಕೂಡಿದರೆ ಆಗದು. ಮುಟ್ಟಿನ ಹಿಂದಿನ ದಿನಗಳನ್ನು ತಪ್ಪಿಸುವಂತಿಲ್ಲ. ಆಗ ಉಳಿದವುಗಳ ಮೇಲೆ ಹೆಚ್ಚು ಕಣ್ಣಿಡುತ್ತೇನೆ. ಚುಕ್ಕೆಗಳು ನಿಂತಿಲ್ಲ, ಭಾನುವಾರಗಳು ಮಾತ್ರ ಬಹುಪಾಲು ಖಾಲಿಯಾಗಿವೆ.

ಈ ಸಲದ ವರಮಹಾಲಕ್ಷ್ಮಿ ಹಬ್ಬಕ್ಕೆ ನಾದಿನಿಯ ಮನೆಗೇ ಹೋಗಿದ್ದೆ. ಕಳಶಕ್ಕೆ ಸೀರೆ ಉಡಿಸುತ್ತಿದ್ದವಳು ಗಡಿಯಾರ ನೋಡಿ ಒಳಗೆ ಹೋದಳು. ಎರಡು ಇಡ್ಲಿ, ಒಂದು ಲೋಟ ಕಾಫಿ ತಂದು ನನ್ನ ಮುಂದಿಟ್ಟು, “ಆರು ಗಂಟೆಯಾಯಿತು ಅತ್ತಿಗೆ, ಮೊದಲು ಇದನ್ನು ತಿನ್ನಿ. ನೆರಿಗೆ ಆಮೇಲೆ ಹಿಡಿಯುವಿರಂತೆ” ಎಂದಳು.