ದೇವರು ಸುಮ್ನೆ ಕ್ಷಮಿಸಿಬಿಡಬಹುದಿತ್ತಲ್ವಾ?

ನಾನು ಕ್ರೈಸ್ತ ಅಂತ ಗೊತ್ತಾದವರು ಒಂದಲ್ಲ ಒಂದು ದಿನ ಇದನ್ನು ಕೇಳಿಯೇ ಕೇಳುತ್ತಾರೆ. "ನಿಮ್ಮ ದೇವರು ಪ್ರೀತಿಯೇ ಆಗಿದ್ದಾನೆ ಅಂತೀರಿ. ಮನುಷ್ಯ ತಪ್ಪು ಮಾಡಿದ, ಸರಿ. 'ಹೋಗಲಿ ಬಿಡು' ಅಂದಿದ್ದರೆ ಮುಗಿದು ಹೋಗುತ್ತಿತ್ತು. ಮಧ್ಯೆ ಶಿಲುಬೆ ಯಾಕೆ, ರಕ್ತ ಯಾಕೆ?"

ನ್ಯಾಯವಾದ ಪ್ರಶ್ನೆ. ನನಗೂ ಬಹಳ ದಿನ ಕಾಡಿದ್ದೇ.

ಪಾಪ ಅಂದ ಕೂಡಲೇ ನಮಗೆ ಕೊಲೆ, ಕಳ್ಳತನ ನೆನಪಾಗುತ್ತವೆ. ಆದರೆ ಹೀಬ್ರೂ ಬೈಬಲಿನಲ್ಲಿ ಪಾಪ ಮಾಡುವುದಕ್ಕೆ ಹೆಚ್ಚಾಗಿ ಬರುವ ಮಾತಿಗೆ 'ಗುರಿ ತಪ್ಪುವುದು' ಅಂತಲೂ ಅರ್ಥವಿದೆ. ನ್ಯಾಯಸ್ಥಾಪಕರು ಪುಸ್ತಕದ 20ನೇ ಅಧ್ಯಾಯದಲ್ಲಿ 700 ಮಂದಿ ಎಡಚ ಕವಣೆಗಾರರು ಬರುತ್ತಾರೆ. ಕೂದಲೆಳೆಗೆ ಗುರಿಯಿಟ್ಟರೂ ಅವರ ಕಲ್ಲು ತಪ್ಪುತ್ತಿರಲಿಲ್ಲವಂತೆ. ಅಲ್ಲಿ 'ತಪ್ಪು' ಅನ್ನುವುದಕ್ಕೂ ಇದೇ ಮಾತು. ಕಲ್ಲು ಗುರಿ ತಪ್ಪಿತು ಅಂದಮೇಲೆ ಅದು ಬೇರೆ ಎಲ್ಲೋ ಹೋಗಿ ಬಿದ್ದಿರುತ್ತದೆ, ಅಲ್ವಾ? ಯಾರ ಮೇಲೋ ಬಿದ್ದಿರುತ್ತದೆ.

ಇನ್ನು ದೇವರ ಪರಿಶುದ್ಧತೆ. ಉಜ್ಜೀಯ ಅರಸ ಸತ್ತ ವರ್ಷ ಪ್ರವಾದಿ ಯೆಶಾಯನಿಗೊಂದು ದರ್ಶನವಾಗುತ್ತದೆ. ದೇವರ ಸಿಂಹಾಸನದ ಹತ್ತಿರ ಸೆರಾಫಿಯರು ಅನ್ನುವ ದೇವದೂತರು, ಒಬ್ಬೊಬ್ಬರಿಗೂ ಆರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಂಡಿದ್ದಾರೆ, ಎರಡರಿಂದ ಕಾಲು ಮುಚ್ಚಿಕೊಂಡಿದ್ದಾರೆ, ಹಾರುವುದಕ್ಕೆ ಉಳಿದದ್ದು ಎರಡೇ. ಯೆಶಾಯ ನಡುಗಿ, 'ನನ್ನ ತುಟಿ ಹೊಲಸು' ಅನ್ನುತ್ತಾನೆ. ಪ್ರವಾದಿಯ ಕಸುಬೇ ಮಾತು. ತನ್ನಲ್ಲಿ ಎಲ್ಲಕ್ಕಿಂತ ಚೆನ್ನಾಗಿದೆ ಅಂದುಕೊಂಡಿದ್ದೇ ಅವನಿಗೆ ಅಲ್ಲಿ ಕೊಳಕಾಗಿ ಕಂಡಿತು ಅಂತ ನಾನು ಓದಿಕೊಳ್ಳುತ್ತೇನೆ. ಆಮೇಲೆ ಒಬ್ಬ ಸೆರಾಫಿ ಯಜ್ಞವೇದಿಯಿಂದ ಇಕ್ಕಳದಲ್ಲಿ ಕೆಂಡ ಎತ್ತಿ ತಂದು ಅವನ ತುಟಿಗೆ ಮುಟ್ಟಿಸುತ್ತಾನೆ. ಪಾಪ ಹೋಯಿತು. ಯೆಶಾಯ ಅದನ್ನು ಬೇಡಿರಲೂ ಇಲ್ಲ.

ಪರಿಶುದ್ಧತೆ ಅಂದರೆ ದೂರ ಇರು ಅನ್ನುವುದಷ್ಟೇ ಅಲ್ಲ ಅಂತ ನನಗೆ ಹೊಳೆದದ್ದು ಈ ಕೆಂಡದಿಂದ. ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯ ನೋಡಿ. ಯೆಹೂದ್ಯರ ಧರ್ಮಶಾಸ್ತ್ರದ ಪ್ರಕಾರ ಕುಷ್ಠರೋಗಿ ಅಶುದ್ಧ, ಊರಾಚೆ ಇರಬೇಕಾದವನು. ಯೇಸು ಕೈ ಚಾಚಿ ಅವನನ್ನು ಮುಟ್ಟುತ್ತಾನೆ. ಅಶುದ್ಧಿ ಈ ಕಡೆಗೆ ಹರಡಲಿಲ್ಲ, ಶುದ್ಧಿಯೇ ಆ ಕಡೆಗೆ ಹರಡಿತು.

ಸರಿ, 'ಸುಮ್ನೆ ಕ್ಷಮಿಸುವುದು' ಎಂಬ ಮಾತಿಗೆ ಬರೋಣ. ಒಮ್ಮೆ ಗೆಳತಿಯೊಬ್ಬಳು ನಂಬಿ ಹೇಳಿದ ಗುಟ್ಟನ್ನು ನಾನು ಬೇರೆಯವರ ಮುಂದೆ ಬಾಯಿಬಿಟ್ಟೆ. ಅದರಿಂದ ಅವಳ ಹತ್ತಿರದ ಸಂಬಂಧವೊಂದು ಮುರಿದುಬಿತ್ತು. ಹೋಗಿ ಕ್ಷಮೆ ಕೇಳಿದೆ. ಅವಳು ಮೇಜಿನ ಮೇಲಿದ್ದ ಲೋಟವನ್ನು ಎರಡು ಸಲ ಅತ್ತಿತ್ತ ಸರಿಸಿದಳು. ಮೂರನೆಯ ಸಲ ಅದನ್ನು ಬಿಟ್ಟು, "ಇರಲಿ ಬಿಡು" ಅಂದಳು. ನಾನು ಹಗುರವಾಗಿ ಎದ್ದು ಬಂದೆ. ಮುರಿದದ್ದು ಮಾತ್ರ ಮುರಿದೇ ಇತ್ತು. ನಾನು ಕೊಡಬೇಕಾಗಿದ್ದ ಬೆಲೆಯನ್ನು ಅವಳೇ ನುಂಗಿಕೊಂಡಿದ್ದಳು. ಕ್ಷಮೆ ಪುಕ್ಕಟೆ ಅನ್ನುವುದು ಪಡೆದವರ ಲೆಕ್ಕ.

ಶಿಲುಬೆಯ ಬಗ್ಗೆ ಕ್ರೈಸ್ತರು ಹೇಳುವುದು ಇದನ್ನೇ: ದೇವರು ಆ ಬೆಲೆಯನ್ನು ತಾನೇ ಹೊತ್ತುಕೊಂಡ. ಹೇಗೆ ಅನ್ನುವುದರಲ್ಲಿ ಸಭೆಗಳಿಗೆ ಒಂದೇ ಮಾತಿಲ್ಲ. 11ನೇ ಶತಮಾನದ ಕೊನೆಗೆ ಆನ್ಸೆಲ್ಮ್ ಅನ್ನುವ ದೇವಶಾಸ್ತ್ರಜ್ಞ ಅದನ್ನು ದೇವರಿಗೆ ಸಲ್ಲಬೇಕಾದ ಗೌರವದ ಸಾಲ ಅಂದ. ಪೂರ್ವದ ಆರ್ಥೊಡಾಕ್ಸ್ ಸಭೆಗಳಿಗೆ ರೋಗ ಮತ್ತು ವಾಸಿಯ ಮಾತೇ ಹೆಚ್ಚು ಹತ್ತಿರ. 16ನೇ ಶತಮಾನದ ಪ್ರೊಟೆಸ್ಟಂಟ್ ಸುಧಾರಣಾವಾದಿಗಳು ನಮ್ಮ ಬದಲಿಗೆ ತೆತ್ತ ಶಿಕ್ಷೆ ಅಂದರು. 325ರಲ್ಲಿ ನೈಸೀಯದಲ್ಲಿ ಸೇರಿದ ಬಿಷಪ್ಪರ ಮಹಾಸಭೆಯ ವಿಶ್ವಾಸಪ್ರಮಾಣ 'ನಮ್ಮ ರಕ್ಷಣೆಗಾಗಿ' ಅಂತ ಹೇಳಿ ಸುಮ್ಮನಾಗುತ್ತದೆ. ನನಗೆ ಒಪ್ಪಿಗೆಯಾಗದ ಚಿತ್ರ ಒಂದೇ: ಸಿಟ್ಟಿಗೆದ್ದ ತಂದೆ ಕೈಗೆ ಸಿಕ್ಕ ಮಗನನ್ನು ಬಡಿದ ಅನ್ನುವುದು. ಕ್ರಿಸ್ತನಲ್ಲಿ ಇದ್ದುಕೊಂಡು ಲೋಕವನ್ನು ತನ್ನ ಜೊತೆ ಸಮಾಧಾನಪಡಿಸಿಕೊಂಡವನು ದೇವರೇ ಅಂತ ಪೌಲ ಕೊರಿಂಥದವರಿಗೆ ಬರೆದಿದ್ದಾನೆ. ಹೊಡೆದವನು ಒಬ್ಬ, ಹೊಡೆಸಿಕೊಂಡವನು ಇನ್ನೊಬ್ಬ ಅಂದರೆ ಲೆಕ್ಕ ತಪ್ಪುತ್ತದೆ.

"ಹಾಗಾದರೆ ನಾವೇನೂ ಮಾಡಬೇಕಿಲ್ಲವಾ?" ಅಂತ ಮುಂದಿನ ಪ್ರಶ್ನೆ ಬರುತ್ತದೆ. ಅದಕ್ಕೆ ಯೇಸು ಹೇಳಿದ ಸಾಮ್ಯವೊಂದು, ಅಂದರೆ ದೃಷ್ಟಾಂತದ ಕಥೆ, ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿದೆ. ಅರಸನಿಗೆ ಒಬ್ಬ ಆಳು ಹತ್ತು ಸಾವಿರ ತಲಾಂತು ಬಾಕಿ. ಒಂದು ತಲಾಂತು ಅಂದರೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ. ಒಟ್ಟು ಆರು ಕೋಟಿ ದಿನದ ಕೂಲಿ! ಅರಸ ಅಷ್ಟನ್ನೂ ಬಿಟ್ಟುಬಿಟ್ಟ. ಆಳು ಹೊರಗೆ ಬಂದವನೇ ತನಗೆ ನೂರು ದಿನಾರಿ ಕೊಡಬೇಕಿದ್ದವನ ಕುತ್ತಿಗೆ ಹಿಡಿದ.

ಗೆಳತಿ 'ಇರಲಿ ಬಿಡು' ಅಂದ ಮರುವಾರವೇ, ನನ್ನ ಬಗ್ಗೆ ಏನೋ ಸಣ್ಣ ಮಾತಾಡಿದ ಸಹೋದ್ಯೋಗಿಯ ಜೊತೆ ನಾನು ಮಾತು ಬಿಟ್ಟಿದ್ದೆ. ಎರಡು ತಿಂಗಳು.