ಕೋಳಿಮನೆಯ ಹಾಸು ಆರಿಸುವಾಗ ನಾನು ನೋಡುವ ಗುಣ

ಮಾಂಸದ ಕೋಳಿಗಳ ಶೆಡ್ಡುಗಳ ಮೇಲ್ವಿಚಾರಣೆ ನನ್ನ ಉದ್ಯೋಗ. ಒಂದು ಬ್ಯಾಚಿನ ಕೋಳಿಗಳು ಹೋಗಿ ಮುಂದಿನ ಬ್ಯಾಚಿನ ಮರಿಗಳು ಬರುವ ನಡುವಿನ ಬಿಡುವಿನಲ್ಲಿ ನಾನು ತೆಗೆದುಕೊಳ್ಳಬೇಕಾದ ತೀರ್ಮಾನಗಳಲ್ಲಿ ನೆಲಕ್ಕೆ ಯಾವ ಹಾಸು ಹರಡಬೇಕೆಂಬುದೂ ಒಂದು. ಮೇವು, ಲಸಿಕೆ, ಮರಿಯ ತಳಿ ಇವುಗಳ ಬಗ್ಗೆ ನಡೆಯುವಷ್ಟು ಚರ್ಚೆ ಹಾಸಿನ ಬಗ್ಗೆ ನಡೆಯುವುದಿಲ್ಲ. ಸಿಕ್ಕಿದ ಹೊಟ್ಟನ್ನು ತಂದು ಸುರಿದರಾಯಿತು ಎಂಬ ಧೋರಣೆಯೇ ಹೆಚ್ಚು. ಆದರೆ ಕೋಳಿ ನಡೆಯುವುದು, ಕೆದಕುವುದು, ಎದೆ ಊರಿ ಮಲಗುವುದು ಎಲ್ಲವೂ ಅದರ ಮೇಲೆಯೇ ಆದ್ದರಿಂದ, ಹಾಸು ಕೆಟ್ಟರೆ ಪಾದದ ಹುಣ್ಣು, ಎದೆಯ ಗುಳ್ಳೆ, ಕಣ್ಣುರಿ, ಉಸಿರಾಟದ ತೊಂದರೆ ಒಂದರ ಹಿಂದೊಂದು ಬರುತ್ತವೆ.

ಹಾಸು ಎಷ್ಟು ನೀರು ಹೀರುತ್ತದೆ ಎಂಬುದು ಎಲ್ಲರೂ ಕೇಳುವ ಮೊದಲ ಪ್ರಶ್ನೆ. ಹೀರಿದ ನೀರನ್ನು ಎಷ್ಟು ಬೇಗ ಗಾಳಿಗೆ ಬಿಟ್ಟುಕೊಡುತ್ತದೆ ಎಂಬುದು ಅದಕ್ಕಿಂತ ಮುಖ್ಯವೆಂದು ಈ ಕೆಲಸ ನನಗೆ ಕಲಿಸಿದೆ. ಕೋಳಿ ತಾನು ತಿನ್ನುವ ಮೇವಿನ ತೂಕಕ್ಕೆ ಹೆಚ್ಚುಕಡಿಮೆ ಎರಡು ಪಟ್ಟು ನೀರು ಕುಡಿಯುತ್ತದೆ ಮತ್ತು ಅದರಲ್ಲಿ ದೊಡ್ಡ ಪಾಲು ಹಿಕ್ಕೆಯೊಂದಿಗೆ ನೆಲಕ್ಕೆ ಬೀಳುತ್ತದೆ. ದಿನದಿನವೂ ಬೀಳುವ ಅಷ್ಟು ನೀರನ್ನು ಬ್ಯಾಚು ಮುಗಿಯುವವರೆಗೂ ಒಡಲಲ್ಲಿ ಇಟ್ಟುಕೊಳ್ಳುವ ಹಾಸು ಯಾವುದೂ ಇಲ್ಲ. ಅದು ಆವಿಯಾಗಿ ಶೆಡ್ಡಿನಿಂದ ಹೊರಗೆ ಹೋಗಲೇಬೇಕು. ಹಾಸಿನದು ನೀರನ್ನು ಸ್ವಲ್ಪ ಹೊತ್ತು ಹಿಡಿದು ಗಾಳಿಯ ಕೈಗೆ ದಾಟಿಸುವ ಕೆಲಸ ಮಾತ್ರ.

ಈ ದೃಷ್ಟಿಯಿಂದ ನೋಡಿದರೆ ಗರಗಸದ ನುಣ್ಣನೆಯ ಪುಡಿ ಮೊದಲು ಮೆಚ್ಚಿಸಿ ಆಮೇಲೆ ಕೈಕೊಡುವ ವಸ್ತು. ಅದು ಬೇಗ ಹೀರುತ್ತದೆ ನಿಜ, ಆದರೆ ಕಣಗಳ ನಡುವೆ ಗಾಳಿಯಾಡಲು ಜಾಗವಿಲ್ಲದ ಕಾರಣ ಒತ್ತಿಕೊಂಡು ಹೆಪ್ಪುಗಟ್ಟುತ್ತದೆ, ಒಣಗಿದ್ದಾಗ ದೂಳೆಬ್ಬಿಸುತ್ತದೆ, ಎಳೆಯ ಮರಿಗಳು ಅದನ್ನು ಮೇವೆಂದು ಹೆಕ್ಕುವುದೂ ಉಂಟು. ಭತ್ತದ ಹೊಟ್ಟಿನದು ಇದಕ್ಕೆ ತದ್ವಿರುದ್ಧ ಸ್ವಭಾವ. ಸಿಲಿಕಾ ತುಂಬಿದ ಗಟ್ಟಿ ಮೈಯಿಂದಾಗಿ ಅದು ಕಡಿಮೆ ಹೀರುತ್ತದೆ, ಆದರೆ ಉದುರುದುರಾಗಿಯೇ ಉಳಿದು ಬೇಗ ಒಣಗುತ್ತದೆ. ಕೀಸುಳಿಯಿಂದ ಹೆರೆದಾಗ ಬೀಳುವ ಮೆದುಮರದ ಸುರುಳಿಗಳಲ್ಲಿ ಎರಡು ಗುಣಗಳೂ ಸೇರಿರುವುದರಿಂದ ನನ್ನ ಮೊದಲ ಆಯ್ಕೆ ಅದು, ಎರಡನೆಯದು ಭತ್ತದ ಹೊಟ್ಟು. ಹುಲ್ಲನ್ನು ಚಿಕ್ಕದಾಗಿ ಕತ್ತರಿಸಿದರೆ ಬಳಸಬಹುದು. ಉದ್ದವಾಗಿಯೇ ಬಿಟ್ಟರೆ ಅದು ಚಾಪೆಯಂತೆ ಹೆಣೆದುಕೊಂಡು ಅಡಿಯಲ್ಲಿ ಕೊಳೆಯುತ್ತದೆ.

ಯಾವ ವಸ್ತುವಾದರೂ ಅದು ಎಲ್ಲಿಂದ ಬಂತು ಎಂದು ವಿಚಾರಿಸದೆ ಲೋಡು ಇಳಿಸಲು ನಾನು ಒಪ್ಪುವುದಿಲ್ಲ. ಹುಳು ಹಿಡಿಯದಂತೆ ರಾಸಾಯನಿಕ ಸವರಿದ ಮರದ ಪುಡಿಯಲ್ಲಿ ಆರ್ಸೆನಿಕ್‌ನಂಥ ವಿಷಗಳು ಇರಬಹುದು. ದೇವದಾರು ಜಾತಿಯ ಕೆಲವು ಮರಗಳ ಘಮ ನಮಗೆ ಹಿತವೆನಿಸಿದರೂ ಅದರ ತೈಲಾಂಶ ಮುಚ್ಚಿದ ಜಾಗದಲ್ಲಿ ಹಕ್ಕಿಯ ಉಸಿರಿನ ನಾಳವನ್ನು ಕೆರಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಬೂಷ್ಟಿಗೆ. ಮಳೆಗೆ ನೆಂದು ಮತ್ತೆ ಒಣಗಿದ ಹೊಟ್ಟು ಹೊರನೋಟಕ್ಕೆ ಚೆನ್ನಾಗಿಯೇ ಕಾಣುತ್ತದೆ. ಚೀಲದ ನಡುವಿಗೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದರೆ ಮುಗ್ಗಲು ವಾಸನೆ ಬರುತ್ತದೆ, ಕೊಡವಿದರೆ ಬೂದುಬಣ್ಣದ ದೂಳು ಏಳುತ್ತದೆ. ಆಸ್ಪರ್ಜಿಲಸ್ ಶಿಲೀಂಧ್ರದ ಬೀಜಕಣಗಳು ಮರಿಗಳ ಶ್ವಾಸಕೋಶ ಸೇರಿದರೆ ಚಿಕಿತ್ಸೆಯಿಂದ ಹೆಚ್ಚೇನೂ ಪ್ರಯೋಜನವಾಗದ ಕಾರಣ, ಅಂಥ ಲೋಡನ್ನು ಬಿಸಿಲಿಗೆ ಹರಡಿ ಸರಿಪಡಿಸುತ್ತೇವೆ ಎಂಬ ಮಾತಿಗೆ ನಾನು ಕಿವಿಗೊಡದೆ ವಾಪಸು ಕಳಿಸುತ್ತೇನೆ. ಶೇಂಗಾ ಸಿಪ್ಪೆ ಒಳ್ಳೆಯ ಹಾಸೇ, ಆದರೆ ಬೂಷ್ಟು ಹಿಡಿಯುವುದರಲ್ಲಿ ಅದು ಮುಂದು.

ಹರಡುವ ದಪ್ಪ ಮಾಂಸದ ಕೋಳಿಗೆ 5ರಿಂದ 10 ಸೆಂಟಿಮೀಟರ್ ಸಾಕು. ನೆಲ ತಣ್ಣಗಿರುವ ಕಾಲದಲ್ಲಿ ಹೆಚ್ಚು ದಪ್ಪವಿರಲಿ, ಮತ್ತು ಮರಿ ಬರುವ ಮುನ್ನಾದಿನವೇ ಹಾಸು ಹರಡಿ ಮರಿಗಳಿಗೆ ಶಾಖ ಕೊಡುವ ಬ್ರೂಡರ್ ಹೊತ್ತಿಸಿರಬೇಕು. ಗಾಳಿ ಬೆಚ್ಚಗಿದ್ದು ಹಾಸು ತಣ್ಣಗಿದ್ದರೆ ಮರಿಯ ಹೊಟ್ಟೆಯ ಮೂಲಕವೇ ಅದರ ಶಾಖ ಇಳಿದುಹೋಗುತ್ತದೆ. ಮೊದಲ ದಿನಗಳಲ್ಲಿ ಹಾಸಿನ ಮೇಲೆ ಕಾಗದ ಹೊದಿಸುವುದಾದರೆ ಒರಟು ಕಾಗದವೇ ಆಗಬೇಕು, ಏಕೆಂದರೆ ನುಣುಪು ಕಾಗದದ ಮೇಲೆ ಮರಿಗಳ ಕಾಲು ಜಾರಿ ಅಗಲಿ, ಕೆಲವು ಮತ್ತೆ ನೆಟ್ಟಗೆ ನಿಲ್ಲುವುದೇ ಇಲ್ಲ.

ಹಾಸು ಎಷ್ಟೇ ಒಳ್ಳೆಯದಿರಲಿ, ಅದರ ತೇವವನ್ನು ಆಗಾಗ ಕೈಯಿಂದ ಮುಟ್ಟಿಯೇ ಅಳೆಯಬೇಕಾಗುತ್ತದೆ. ಒಂದು ಹಿಡಿ ತೆಗೆದು ಬಿಗಿಯಾಗಿ ಅದುಮಿ ಕೈ ಬಿಚ್ಚಿದಾಗ ಅದು ಮುದ್ದೆಯಾಗಿಯೇ ನಿಂತರೆ ತೇವ ಹೆಚ್ಚಾಗಿದೆ. ಸ್ವಲ್ಪ ಅಂಟಿಕೊಂಡಂತಾಗಿ ಕೂಡಲೇ ಬಿರುಕು ಬಿಟ್ಟು ಉದುರಿದರೆ ಹದವಾಗಿದೆ. ಅಂಟಿಕೊಳ್ಳದೆ ಬೆರಳ ಸಂದಿಯಲ್ಲಿ ದೂಳಾಗಿ ಸೋರಿದರೆ ತೀರ ಒಣಗಿದೆ. ಶೇಕಡಾ 20ರಿಂದ 25ರಷ್ಟು ತೇವ ಹದವಾದದ್ದು. ಅದು 30 ದಾಟಿದ ಮೇಲೆ ಹಿಕ್ಕೆಯಲ್ಲಿರುವ ಯೂರಿಕ್ ಆಮ್ಲವನ್ನು ಬ್ಯಾಕ್ಟೀರಿಯಾಗಳು ಅಮೋನಿಯವಾಗಿ ಒಡೆಯುವ ಕೆಲಸ ಚುರುಕಾಗುತ್ತದೆ, ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿಯ ಮೊಟ್ಟೆಗಳು ಬಲಿಯುವುದಕ್ಕೂ ಅದೇ ತೇವ ಅನುಕೂಲ ಮಾಡಿಕೊಡುತ್ತದೆ. ಗಾಳಿಯಲ್ಲಿ ಅಮೋನಿಯ 25 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 25 ಭಾಗ, ಮೀರಬಾರದು. ದಿನವಿಡೀ ಶೆಡ್ಡಿನಲ್ಲಿರುವವರ ಮೂಗು ಆ ವಾಸನೆಗೆ ಒಗ್ಗಿಹೋಗಿರುವುದರಿಂದ, ಹೊರಗಿನಿಂದ ಆಗತಾನೆ ಬಂದವರು ಕೋಳಿಯ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಹೇಳಿದ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಇಲ್ಲಿ ಸುಣ್ಣದ ವಿಷಯ ಹೇಳಲೇಬೇಕು. ಹಾಸು ಒದ್ದೆಯಾದ ಕೂಡಲೇ ಸುಣ್ಣ ಎರಚುವುದು ಹಳೆಯ ರೂಢಿ. ಮೇಲ್ಮೈ ಒಣಗಿದಂತೆ ಕಾಣುವುದು ನಿಜವಾದರೂ ಸುಣ್ಣ ಕ್ಷಾರವಾದ್ದರಿಂದ ಹಾಸಿನ ಪಿಎಚ್ ಏರಿ, ಒಳಗೆ ಸಿಕ್ಕಿಕೊಂಡಿದ್ದ ಅಮೋನಿಯ ಇನ್ನಷ್ಟು ಹೊರಬರುತ್ತದೆ. ಅಮೋನಿಯ ತಡೆಯಬೇಕಾದರೆ ಆಮ್ಲೀಯ ವಸ್ತು ಬೇಕು. ಆಲಮ್ ಮತ್ತು ಸೋಡಿಯಂ ಬೈಸಲ್ಫೇಟ್ ಬಳಕೆಯಲ್ಲಿರುವುದು ಆ ಕಾರಣಕ್ಕೆ. ಕೋಳಿಗಳಿರುವಾಗ ಸುಣ್ಣದ ಚೀಲ ಶೆಡ್ಡಿನೊಳಗೆ ಬರಕೂಡದೆಂದು ನಾನು ಹೇಳಿಟ್ಟಿದ್ದೇನೆ. ಕೋಳಿ ಖಾಲಿಯಾದ ಮೇಲೆ ಬರಿ ನೆಲಕ್ಕೆ ಬಳಿಯುವುದು ಬೇರೆ ಮಾತು.

ಒದ್ದೆಯ ದೂರನ್ನೆಲ್ಲ ಹಾಸಿನ ಮೇಲೆ ಹೊರಿಸುವುದೂ ನ್ಯಾಯವಲ್ಲ. ಒದ್ದೆ ನೀರಿನ ಸಾಲಿನ ಉದ್ದಕ್ಕೂ ಪಟ್ಟಿಯಾಗಿ ಕಂಡರೆ ಕೋಳಿ ಕೊಕ್ಕಿನಿಂದ ಒತ್ತಿ ಕುಡಿಯುವ ನಿಪ್ಪಲ್ ಸೋರುತ್ತಿದೆ, ಒತ್ತಡ ಹೆಚ್ಚಿದೆ ಅಥವಾ ಕೊಳವೆ ಕೋಳಿಯ ಎತ್ತರಕ್ಕೆ ಹೊಂದಿಲ್ಲ ಎಂದು ತಿಳಿಯಬೇಕು. ಗೋಡೆಯ ಬುಡದಲ್ಲಿ ಕಂಡರೆ ಮಳೆಯ ಇರಚಲು. ಶೆಡ್ಡಿನ ತುಂಬ ಸಮವಾಗಿ ಕಂಡರೆ ಗಾಳಿಯಾಟ ಸಾಲದು, ಇಲ್ಲವೇ ಮೇವಿನಲ್ಲಿ ಉಪ್ಪು ಹೆಚ್ಚಾಗಿ ಕೋಳಿ ಅತಿಯಾಗಿ ಕುಡಿಯುತ್ತಿದೆ. ಕಾರಣ ಸರಿಪಡಿಸದೆ ಹೊಸ ಹೊಟ್ಟು ಸುರಿದರೆ ಅದೂ ಒದ್ದೆಯಾಗುತ್ತದೆ. ಹೆಪ್ಪುಗಟ್ಟಿದ ಹೆಂಟೆಯನ್ನು ಕೆಲವರು ಮಗುಚಿ ಅಡಿಗೆ ಹಾಕುತ್ತಾರೆ. ನಾವು ಅದನ್ನು ಬುಟ್ಟಿಗೆ ತುಂಬಿ ಹೊರಗೆ ಸಾಗಿಸಿ, ಆ ಜಾಗಕ್ಕೆ ಮಾತ್ರ ಒಣ ಹಾಸು ಹಾಕುತ್ತೇವೆ. ಅದಕ್ಕಾಗಿ ಪ್ರತಿ ಬ್ಯಾಚಿನ ಲೋಡಿನಲ್ಲಿ ಒಂದಿಷ್ಟು ಚೀಲಗಳನ್ನು ಸೂರಿನಡಿ, ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಎತ್ತಿಡಿಸುತ್ತೇನೆ.