ಅಜ್ಜನ ಕೋಲ್ಟಿಗೆ ಒಪ್ಪುವ ಕಾಡತೂಸು

ಲೋಕಸಭಾ ಚುನಾವಣೆಯ ನೀತಿ ಸಂಹಿತೆ ತೆರವಾದ ಮೇಲೆ, ಠಾಣೆಗೆ ಒಪ್ಪಿಸಿದ್ದ ಆಯುಧವನ್ನು ಮರಳಿ ಒಯ್ಯಿರಿ ಎಂದು ಅಪ್ಪನಿಗೆ ಕರೆ ಬಂತು. ನಮ್ಮದು ನರಗುಂದ ತಾಲ್ಲೂಕು. ಬಂದೂಕು ಒಪ್ಪಿಸುವ ಮಾತು ಬಂದಾಗಲೆಲ್ಲ ನಮ್ಮ ಕಡೆಯ ಹಿರಿಯರ ಬಾಯಲ್ಲಿ ನರಗುಂದದ ಅರಸ ಬಾಬಾಸಾಹೇಬರ ಹೆಸರು ಬಂದೇ ಬರುತ್ತದೆ. 1857ರ ನಿಶ್ಶಸ್ತ್ರೀಕರಣದ ಹುಕುಮು, ಹಲಗಲಿಯ ಬೇಡರ ಹೋರಾಟ, ಮರುವರ್ಷ ಸುರೇಬಾನದಲ್ಲಿ ಬ್ರಿಟಿಷ್ ಅಧಿಕಾರಿ ಮ್ಯಾನ್ಸನ್‌ನ ಹತ್ಯೆ, ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಆಯುಧ ಅಂದರೆ ಈ ನೆಲದಲ್ಲಿ ಬರೀ ಕಬ್ಬಿಣವಲ್ಲ. ಠಾಣೆಯ ಮೇಜಿನ ಮೇಲೆ ಬಟ್ಟೆಯಲ್ಲಿ ಸುತ್ತಿ ಚೀಟಿ ಕಟ್ಟಿದ ಬಂದೂಕುಗಳು ಸಾಲಾಗಿದ್ದವು. ಹೆಚ್ಚಿನವು ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಉದ್ದ ನಳಿಗೆಯವು. ಅವುಗಳ ನಡುವೆ ನಮ್ಮದು ಅಂಗೈ ಅಗಲದ ಪೊಟ್ಟಣ, ಅಜ್ಜನ ರಿವಾಲ್ವರ್. ಅಪ್ಪ ಸಹಿ ಮಾಡಿದರು. ಅಲ್ಲಿಂದ ಮನೆಗೆ ಹೋಗದೆ ನೇರವಾಗಿ ಹುಬ್ಬಳ್ಳಿಯ ದಾರಿ ಹಿಡಿದೆವು.

ಹುಬ್ಬಳ್ಳಿಗೆ ಹೋಗಲು ಕಾರಣವಿತ್ತು. ಅಪ್ಪನಿಗೆ ಎಪ್ಪತ್ತು ದಾಟಿದೆ. 2016ರ ಆಯುಧ ನಿಯಮಗಳ ಪ್ರಕಾರ, ಎಪ್ಪತ್ತು ತುಂಬಿದ ಪರವಾನಗಿದಾರರು ತಮ್ಮ ಆಯುಧವನ್ನು ಕಾನೂನುಬದ್ಧ ವಾರಸುದಾರರಿಗೆ ವರ್ಗಾಯಿಸಲು ಅರ್ಜಿ ಹಾಕಬಹುದು. ವಾರಸುದಾರರಲ್ಲಿ ಮಗಳೂ ಸೇರುತ್ತಾಳೆ. ಅರ್ಜಿ ಹಾಕುವ ಮೊದಲು ರಿವಾಲ್ವರನ್ನು ಬಲ್ಲವರ ಕೈಯಲ್ಲಿ ಪರೀಕ್ಷೆ ಮಾಡಿಸಬೇಕು, ಹಳೆಯ ಕಾಡತೂಸುಗಳನ್ನು ತೆಗೆದುಹಾಕಿ ಹೊಸವನ್ನು ಕೊಳ್ಳಬೇಕು ಎಂದು ನಾನು ಹಟ ಹಿಡಿದಿದ್ದೆ. ನಾನು ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಗುಣಮಟ್ಟ ಪರೀಕ್ಷಕಿ. ದಿನವಿಡೀ ವರ್ನಿಯರ್, ಮೈಕ್ರೋಮೀಟರ್ ಹಿಡಿದೇ ಕೆಲಸ. ಅಳೆಯದೆ ಯಾವ ಲೋಹವನ್ನೂ ನಂಬುವ ಅಭ್ಯಾಸ ನನಗಿಲ್ಲ.

ನವಲಗುಂದ ದಾಟುವವರೆಗೂ ಎರೆಹೊಲಗಳಲ್ಲಿ ಹೆಸರು ಬಿತ್ತನೆ ನಡೆದಿತ್ತು. ಅಪ್ಪ ಮಾತ್ರ ಹೊಲ ನೋಡುತ್ತಿರಲಿಲ್ಲ, ತೊಡೆಯ ಮೇಲಿನ ಪೊಟ್ಟಣದಿಂದ ಕೈ ತೆಗೆದಿರಲಿಲ್ಲ.

ಅದು ಕೋಲ್ಟ್ ಕಂಪನಿಯ ಪೊಲೀಸ್ ಪಾಸಿಟಿವ್, .32 ಬೋರ್ (ಬೋರ್ ಅಂದರೆ ನಳಿಗೆಯ ಒಳ ಅಗಲ, ಅಂದಾಜು ಅಂಗುಲದಲ್ಲಿ). ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ ತಯಾರಾದದ್ದು. ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಅಜ್ಜ ಅದನ್ನು ಮುಂಬಯಿಯಿಂದ ತರಿಸಿದ್ದರು. ಮೊದಲ ಪರವಾನಗಿ 1878ರ ಆಯುಧ ಕಾಯ್ದೆಯಡಿ ಧಾರವಾಡದ ಕಲೆಕ್ಟರ್ ಕೊಟ್ಟದ್ದು. 1959ರಲ್ಲಿ ಹೊಸ ಕಾಯ್ದೆ ಬಂತು. 1997ರಲ್ಲಿ ಗದಗ ಬೇರೆ ಜಿಲ್ಲೆಯಾದಾಗ ನಮ್ಮ ಕಡತವೂ ಧಾರವಾಡದಿಂದ ಗದಗಕ್ಕೆ ಹೋಯಿತು. ಇಷ್ಟೆಲ್ಲ ಆಗುವಾಗಲೂ ರಿವಾಲ್ವರ್ ಮಾತ್ರ ಅದೇ ಕಪಾಟಿನಲ್ಲಿತ್ತು. ತೂಕ ಅರ್ಧ ಕಿಲೋಗಿಂತ ತುಸು ಹೆಚ್ಚು. ನೀಲಿಗಪ್ಪು ಬಣ್ಣ ನಳಿಗೆಯ ತುದಿಯಲ್ಲಿ ಸವೆದು ಬೆಳ್ಳಗಾಗಿದೆ. ತೊಗಲಿನ ಚೀಲದೊಳಗೆ ಹೋಗಿ ಬಂದು ಆದ ಸವೆತ ಅದು. ಪಕ್ಕದಲ್ಲಿ ಮುಂಗಾಲೆತ್ತಿದ ಕುದುರೆಮರಿಯ ಮುದ್ರೆ ಈಗಲೂ ಸ್ಪಷ್ಟವಾಗಿದೆ. ಈಗಿನ ಪಿಸ್ತೂಲುಗಳನ್ನು ನಾನು ನೋಡಿಲ್ಲವೆಂದಲ್ಲ. ಆದರೆ ಕೈಯಿಂದ ಉಜ್ಜಿ, ಕೂಡಿಸಿ, ಮತ್ತೆ ಉಜ್ಜಿ ಹೊಂದಿಸಿದ ಈ ಒಳಯಂತ್ರದ ನಯವನ್ನು ನಾನು ಬೇರೆಲ್ಲೂ ಕಂಡಿಲ್ಲ. ಟ್ರಿಗರನ್ನು ಪೂರ್ತಿ ಎಳೆಯದೆ ಹ್ಯಾಮರ್, ಅಂದರೆ ಕಾಡತೂಸಿನ ಬುಡಕ್ಕೆ ಬಡಿಯುವ ಸುತ್ತಿಗೆ, ಕಾಡತೂಸನ್ನು ಮುಟ್ಟದಂತೆ ತಡೆಯುವ ಉಕ್ಕಿನ ಸಣ್ಣ ಪಟ್ಟಿಯೊಂದು ಅದರೊಳಗಿದೆ. ಹೆಸರಿನಲ್ಲಿರುವ ‘ಪಾಸಿಟಿವ್’ ಅದಕ್ಕೆ ಸಂಬಂಧಿಸಿದ್ದು. ಕೈಜಾರಿ ಬಿದ್ದರೂ ಗುಂಡು ಹಾರಬಾರದೆಂದು ನೂರು ವರ್ಷಕ್ಕೂ ಹಿಂದೆ ಯಾರೋ ಕುಳಿತು ಯೋಚಿಸಿದ್ದಾರೆ. ಅವರ ಬಗ್ಗೆ ನನಗೆ ಗೌರವವಿದೆ.

ಹುಬ್ಬಳ್ಳಿಯ ಹಳೆಯ ಪೇಟೆಯ ಬಂದೂಕಿನ ಅಂಗಡಿಯಲ್ಲಿ ಸುಭೇದಾರ್ ಕಾಕಾ ಕುಳಿತಿದ್ದರು. ಸೇನೆಯಲ್ಲಿ ಆಯುಧ ರಿಪೇರಿ ಮಾಡುವ ಆರ್ಮರರ್ ಆಗಿದ್ದು ನಿವೃತ್ತರಾದವರು. ಅಂಗಡಿ ಅವರದಲ್ಲ, ಆದರೆ ರಿಪೇರಿ ಮೇಜು ಅವರದೇ. ಪರವಾನಗಿ ಪುಸ್ತಕವನ್ನೂ ರಿವಾಲ್ವರಿನ ಮೇಲಿನ ಸಂಖ್ಯೆಯನ್ನೂ ತಾಳೆ ನೋಡಿ, ಕಾಡತೂಸು ಹಿಡಿದು ತಿರುಗುವ ಸಿಲಿಂಡರಿನ ಹಿಂದಿನ ಗುಬ್ಬಿಯನ್ನು ಹೆಬ್ಬೆರಳಿನಿಂದ ಹಿಂದಕ್ಕೆಳೆದು ತೆರೆದರು. ಕೋಲ್ಟಿನ ಎದುರಾಳಿ ಕಂಪನಿ ಸ್ಮಿತ್ ಅಂಡ್ ವೆಸನ್‌ನದಾಗಿದ್ದರೆ ಅದನ್ನು ಮುಂದಕ್ಕೆ ತಳ್ಳಬೇಕಿತ್ತು. ಆರೂ ಚೇಂಬರ್, ಅಂದರೆ ಕಾಡತೂಸು ಕೂರುವ ಗೂಡು, ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಮತ್ತೆ ಕಿರುಬೆರಳಿನಿಂದ ಮುಟ್ಟಿ ಖಚಿತ ಮಾಡಿಕೊಂಡರು.

“ಗೌಡರೇ, ಇದಕ್ಕೆ ಕೊನೆಯ ಬಾರಿ ಗುಂಡು ಹಾಕಿದ್ದು ಯಾವಾಗ?”

“ನೆನಪಿಲ್ಲ. ನಮ್ಮ ಅಪ್ಪ ಇದ್ದಾಗ ಹಬ್ಬಕ್ಕೊಮ್ಮೆ ಹಾರಿಸುತ್ತಿದ್ದರು. ಈಗ ಆಯುಧ ಪೂಜೆಗೆ ಕುಂಕುಮ ಹಚ್ಚುವುದು ಅಷ್ಟೆ.”

“ಕುಂಕುಮ ಹಚ್ಚಿರಿ, ಆದರೆ ಅದೇ ದಿನ ಒರೆಸಿ ಎಣ್ಣೆ ಹಾಕಿರಿ,” ಎಂದರು ಕಾಕಾ. ಹಿಡಿಕೆಯ ಪಕ್ಕದಲ್ಲಿ ಸಣ್ಣ ತುಕ್ಕಿನ ಚುಕ್ಕೆಗಳಿದ್ದವು.

ಆಮೇಲೆ ನಡೆದದ್ದನ್ನು ನಾನು ಉಸಿರು ಬಿಗಿಹಿಡಿದು ನೋಡಿದೆ. ಕಾಕಾ ಹ್ಯಾಮರನ್ನು ಬಲು ನಿಧಾನವಾಗಿ ಹಿಂದಕ್ಕೆಳೆದರು. ಕೋಲ್ಟಿನ ಸಿಲಿಂಡರ್ ಬಲಕ್ಕೆ ತಿರುಗುತ್ತದೆ. ಹ್ಯಾಮರ್ ಕೊನೆಯ ಹಲ್ಲಿಗೆ ಕೂರುವ ಮೊದಲೇ ಕೆಳಗಿನ ಅಗಳಿ ಸಿಲಿಂಡರಿನ ಕಚ್ಚಿಗೆ ಬೀಳಬೇಕು. ತಡವಾಗಿ ಬಿದ್ದರೆ ಚೇಂಬರ್ ಮತ್ತು ನಳಿಗೆ ಒಂದೇ ಗೆರೆಗೆ ಬಂದಿರುವುದಿಲ್ಲ, ಗುಂಡು ನಳಿಗೆಯ ಬಾಯಿಯ ಅಂಚನ್ನು ಕೆತ್ತಿಕೊಂಡು ಹೋಗುತ್ತದೆ. ಹಳೆಯ ಕೋಲ್ಟುಗಳಲ್ಲಿ ಸಿಲಿಂಡರನ್ನು ತಳ್ಳುವ ‘ಕೈ’ ಎಂಬ ಉಕ್ಕಿನ ತುಂಡು ಸವೆದು ಈ ದೋಷ ಬರುತ್ತದೆ. ಒಂದೊಂದು ಚೇಂಬರಿಗೂ ‘ಟಕ್’ ಎಂಬ ಶಬ್ದಕ್ಕಾಗಿ ಕಾಕಾ ಕಿವಿಗೊಟ್ಟು ಕಾದರು. ಒಂದು ಚೇಂಬರಿನಲ್ಲಿ ಮಾತ್ರ ಶಬ್ದ ಕೊಂಚ ತಡವಾಯಿತು, ಆದರೂ ಕೂರುವ ಮೊದಲೇ ಬಂತು. ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿಗೆ ನಾನು ಚೀಲದಿಂದ ತೆಳು ಅಳತೆಪಟ್ಟಿಗಳ ಫೀಲರ್ ಗೇಜ್ ತೆಗೆದು ಕೊಟ್ಟೆ. 0.15 ಮಿಲಿಮೀಟರ್ ಪಟ್ಟಿ ಹೋಯಿತು, 0.20 ಹೋಗಲಿಲ್ಲ. ಇಷ್ಟು ವಯಸ್ಸಿನ ಯಂತ್ರಕ್ಕೆ ಇದು ಬಹಳ ಒಳ್ಳೆಯ ಅಳತೆ.

“ತಂಗೀ, ನೀನು ಅಳತೆ ತಿಳಿದವಳು. ಹಾಗಾದರೆ ಇದಕ್ಕೆ ಕಾಡತೂಸು ಯಾವುದು, ನೀನೇ ಹೇಳು,” ಎಂದು ಕಾಕಾ ರಿವಾಲ್ವರನ್ನು ನನ್ನ ಕಡೆ ತಿರುಗಿಸಿದರು.

ನಳಿಗೆಯ ಮೇಲೆ ‘.32 ಪೊಲೀಸ್ ಕಾರ್ಟ್ರಿಜ್’ ಎಂದು ಕೆತ್ತಿದೆ. ಪರವಾನಗಿ ಪುಸ್ತಕದಲ್ಲಿ ‘.32 ಬೋರ್’ ಎಂದಷ್ಟೇ ಇದೆ. ಅಂಗಡಿಯ ಗಾಜಿನ ಹಿಂದೆ ‘.32’ ಎಂದು ಬರೆದ ಎರಡು ಬಗೆಯ ಡಬ್ಬಿಗಳಿದ್ದವು, ಎರಡೂ ಸರಕಾರಿ ಕಾರ್ಖಾನೆಯವೇ. ಒಂದು ರಿವಾಲ್ವರಿನದು, ಇನ್ನೊಂದು ಪಿಸ್ತೂಲಿನದು. ಹೆಚ್ಚಿನವರ ಗೊಂದಲ ಇಲ್ಲಿಯೇ. ಕಾಕಾ ಒಂದೊಂದು ಕಾಡತೂಸು ತೆಗೆದು ಬಟ್ಟೆಯ ಮೇಲಿಟ್ಟರು, ನಾನು ವರ್ನಿಯರ್ ಹಿಡಿದೆ. ರಿವಾಲ್ವರಿನ ಕಾಡತೂಸು, ಅಂದರೆ .32 ಸ್ಮಿತ್ ಅಂಡ್ ವೆಸನ್ ಲಾಂಗ್: ಹಿತ್ತಾಳೆಯ ಕವಚ 23 ಮಿಲಿಮೀಟರಿಗಿಂತ ತುಸು ಉದ್ದ, ಬುಡದ ಅಂಚು ಒಂಬತ್ತೂವರೆ ಮಿಲಿಮೀಟರ್. ಪಿಸ್ತೂಲಿನದು: ಕವಚ 17 ಮಿಲಿಮೀಟರಿಗಿಂತ ತುಸು ಉದ್ದ, ಅಂಚು ಒಂಬತ್ತರ ಆಸುಪಾಸು. ಕವಚದ ದಪ್ಪ ಎರಡಕ್ಕೂ ಹೆಚ್ಚುಕಡಿಮೆ ಒಂದೇ. ಹಾಗಾಗಿ ಪಿಸ್ತೂಲಿನ ಕಾಡತೂಸು ರಿವಾಲ್ವರಿನ ಚೇಂಬರಿನೊಳಗೆ ಇಳಿದೇ ಬಿಡುತ್ತದೆ, ಕಿರಿದಾದ ಅಂಚಿನ ಆಸರೆಯಲ್ಲಿ ನಿಂತೂ ಬಿಡುತ್ತದೆ. ಅಪಾಯ ಇರುವುದೇ ಅಲ್ಲಿ. ಅಮೆರಿಕದ ಮಾನದಂಡದಲ್ಲಿ ರಿವಾಲ್ವರಿನ ಕಾಡತೂಸಿನ ಗರಿಷ್ಠ ಒತ್ತಡ ಚದರ ಅಂಗುಲಕ್ಕೆ 15,000 ಪೌಂಡ್, ಪಿಸ್ತೂಲಿನದು 20,500. ಅಜ್ಜನ ಕಾಲದ ಉಕ್ಕಿಗೆ ಆ ಹೆಚ್ಚುವರಿ ಹೊರೆಯನ್ನು ಹೊರಿಸಬಾರದು. ಒಳಗೆ ಹೋಗುತ್ತದೆ ಎಂಬುದು ಹೊಂದುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ. ಕಾರ್ಖಾನೆಯಲ್ಲಿ ಇದನ್ನು ನಾನು ಹೊಸಬರಿಗೆ ದಿನವೂ ಹೇಳುತ್ತೇನೆ.

‘ಪೊಲೀಸ್ ಕಾರ್ಟ್ರಿಜ್’ ಎಂಬ ಹೆಸರಿನ ಹಿಂದಿನ ಕಥೆ ನನಗೆ ಬಹಳ ಇಷ್ಟ. ಸ್ಮಿತ್ ಅಂಡ್ ವೆಸನ್ 1896ರಲ್ಲಿ ತನ್ನ .32 ಲಾಂಗ್ ಕಾಡತೂಸನ್ನು ಹೊರತಂದಿತು. ಕೋಲ್ಟ್‌ಗೆ ಆ ಅಳತೆ ಬೇಕಿತ್ತು, ಆದರೆ ಎದುರಾಳಿಯ ಹೆಸರನ್ನು ತನ್ನ ನಳಿಗೆಯ ಮೇಲೆ ಕೆತ್ತಲು ಮನಸ್ಸಿರಲಿಲ್ಲ. ಗುಂಡಿನ ಮೂತಿಯನ್ನು ಚಪ್ಪಟೆ ಮಾಡಿ ‘ಕೋಲ್ಟ್ ನ್ಯೂ ಪೊಲೀಸ್’ ಎಂದು ಕರೆಯಿತು. ಕವಚ ಅದೇ, ಚೇಂಬರ್ ಅದೇ. ಆದ್ದರಿಂದ ಕಾಕಾ ಕೇಳಿದ ಪ್ರಶ್ನೆಗೆ ಉತ್ತರ ಸ್ಮಿತ್ ಅಂಡ್ ವೆಸನ್ ಲಾಂಗ್. ಆದರೆ ಕೋಲ್ಟಿನದೇ ಹೆಸರಿರುವ ‘.32 ಲಾಂಗ್ ಕೋಲ್ಟ್’ ಇದಕ್ಕೆ ಒಪ್ಪುವುದಿಲ್ಲ, ಅದು ಬೇರೆಯೇ ಅಳತೆ. ನಾನು ಇದನ್ನೆಲ್ಲ ಹೇಳುವಾಗ ಕಾಕಾ ತಲೆದೂಗಿದರು. ಅಪ್ಪ ಮಾತ್ರ, “ಇಷ್ಟೆಲ್ಲ ಯಾವಾಗ ಓದಿದೆಯವ್ವಾ?” ಎಂದು ಬೆರಗಾದರು.

ಅಷ್ಟರಲ್ಲಿ ಪಕ್ಕದಲ್ಲಿ ನಿಂತಿದ್ದ ಯುವಕನೊಬ್ಬ, “.32ರಲ್ಲಿ ಏನು ಜೋರಿದೆ ಮೇಡಂ? .38 ಆಗಿದ್ದರೆ ಮಾತು ಬೇರೆ,” ಎಂದ. ನಮ್ಮಲ್ಲಿ .38, .455, 9 ಮಿಲಿಮೀಟರ್ ಇವೆಲ್ಲ ನಿಷೇಧಿತ ಬೋರ್. ಸೇನೆ, ಪೊಲೀಸರ ಕಾಡತೂಸು ಸಾರ್ವಜನಿಕರ ಆಯುಧಕ್ಕೆ ಹೋಗಬಾರದೆಂಬ ಕಾರಣಕ್ಕೆ. ಹಾಗಾಗಿ ಕಾನ್ಪುರದಲ್ಲಿ ತಯಾರಾಗುವ ರಿವಾಲ್ವರ್ ಕೂಡ .32. ಆದರೆ ಈ ಅಳತೆಯನ್ನು ಅನಿವಾರ್ಯದ್ದೆಂದು ತಾತ್ಸಾರ ಮಾಡುವುದು ಸರಿಯಲ್ಲ. ಥಿಯೊಡರ್ ರೂಸ್‌ವೆಲ್ಟ್ ನ್ಯೂಯಾರ್ಕಿನ ಪೊಲೀಸ್ ಆಡಳಿತ ನೋಡುತ್ತಿದ್ದಾಗ ತನ್ನ ಪೊಲೀಸರಿಗೆ ಆರಿಸಿದ್ದು ಕೋಲ್ಟಿನ .32 ರಿವಾಲ್ವರನ್ನೇ, ಅಜ್ಜನದು ಅದರ ಮುಂದಿನ ಮಾದರಿ. ಇದೇ .32 ಲಾಂಗ್ ಕಾಡತೂಸು, ಮೂತಿಯಿಲ್ಲದ ಸಪಾಟಾದ ಗುಂಡಿನೊಡನೆ, 25 ಮೀಟರ್ ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಗಳಲ್ಲಿ ಇಂದಿಗೂ ಗುರಿಕಾರರ ಮೆಚ್ಚಿನದು. ಜಸ್ಪಾಲ್ ರಾಣಾ 1994ರ ಹಿರೋಶಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ಆ ಸ್ಪರ್ಧೆಯಲ್ಲಿಯೇ. ಸಪಾಟಾದ ಗುಂಡು ಕಾಗದದಲ್ಲಿ ಬಿಲ್ಲೆ ಕತ್ತರಿಸಿದಂತೆ ದುಂಡನೆಯ ತೂತು ಮಾಡುತ್ತದೆ, ಅಂಕ ಎಣಿಸಲು ಅನುಮಾನ ಉಳಿಯುವುದಿಲ್ಲ. ಜೋರಿಗಿಂತ ನಿಖರತೆ ದೊಡ್ಡದೆಂದು ನಂಬುವವರಿಗೆ ಇದಕ್ಕಿಂತ ಒಳ್ಳೆಯ ಅಳತೆ ಸಿಗುವುದು ಕಷ್ಟ.

ಜೋರಿನ ಹಂಬಲ ಹಳೆಯ ಆಯುಧಗಳನ್ನು ಹೇಗೆ ಹಾಳುಮಾಡಿದೆ ಎಂಬುದಕ್ಕೆ ಕಾಕಾ ವೆಬ್ಲಿಯ ಉದಾಹರಣೆ ಕೊಟ್ಟರು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ .455 ರಿವಾಲ್ವರ್ 1887ರಲ್ಲಿ ಬ್ರಿಟಿಷ್ ಸೇನೆಗೆ ಬಂತು. 1915ರ ಆರನೆಯ ಮಾದರಿ ಮೊದಲ ಮಹಾಯುದ್ಧವನ್ನು ಕಂಡಿತು. ನಡು ಮುರಿದು ತೆರೆದರೆ ಆರೂ ಖಾಲಿ ಕವಚ ಒಮ್ಮೆಗೇ ಹೊರಬೀಳುತ್ತವೆ. ಭಾರವಾದ ಸೀಸದ ಗುಂಡು, ನಿಧಾನದ ವೇಗ, ಕಡಿಮೆ ಒತ್ತಡ; ಅದರ ಲೆಕ್ಕಾಚಾರವೇ ಅದು. ಎರಡನೆಯ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದ ಸಾವಿರಾರು ವೆಬ್ಲಿಗಳ ಸಿಲಿಂಡರಿನ ಹಿಂಬದಿಯನ್ನು ಕೆತ್ತಿ, ಅಲ್ಲಿ ಅಗ್ಗವಾಗಿ ಸಿಗುತ್ತಿದ್ದ .45 ಪಿಸ್ತೂಲಿನ ಕಾಡತೂಸು ಹಿಡಿಯುವಂತೆ ಮಾಡಿದರು. ಆ ಕಾಡತೂಸಿನ ಒತ್ತಡವೋ, ವೆಬ್ಲಿಯನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಿದ ಒತ್ತಡಕ್ಕಿಂತಲೂ ಹೆಚ್ಚು. ಕೆತ್ತಿದ್ದನ್ನು ಮರಳಿ ಬೆಳೆಸಲು ಬರುವುದಿಲ್ಲ. ಒಳ್ಳೆಯ ಕೆಲಸಗಾರರು ಮಾಡಿದ ವಸ್ತುವನ್ನು ನಾಲ್ಕು ಕಾಸು ಉಳಿಸಲು ಹೀಗೆ ಕೆಡಿಸಿದ್ದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಕೊನೆಗೆ ಅಪ್ಪ ಜೇಬಿನಿಂದ ಅಜ್ಜನ ಕಾಲದ ಕಾಡತೂಸಿನ ಪೆಟ್ಟಿಗೆ ತೆಗೆದರು. ರಟ್ಟಿನ ಮೂಲೆಗಳು ಹರಿದಿದ್ದವು. ಹಿತ್ತಾಳೆಗೆ ಹಸಿರು ಕಿಲುಬು ಹಿಡಿದಿತ್ತು, ಸೀಸದ ಮೂತಿಗಳ ಮೇಲೆ ಬಿಳಿ ಪುಡಿ ಕೂತಿತ್ತು. ಅಪ್ಪನಿಗೆ ಇವನ್ನು ಬಿಡಲು ಮನಸ್ಸಿಲ್ಲವೆಂದು ನನಗೆ ಗೊತ್ತಿತ್ತು. ಅಜ್ಜ ಕೈಯಾರೆ ಎಣಿಸಿ ಇಟ್ಟವು ಅವು.

ಕಾಕಾ ಭೂತಗನ್ನಡಿ ಹಿಡಿದು ಒಂದನ್ನು ನೋಡಿ ಕೆಳಗಿಟ್ಟರು. “ಗೌಡರೇ, ಇವು ಹಾರದಿದ್ದರೆ ಚಿಂತೆಯಿಲ್ಲ. ಅರ್ಧ ಹಾರಿದರೆ ಚಿಂತೆ. ಮದ್ದು ಸತ್ತಿದ್ದರೆ ಬುಡದ ಕಿಡಿಮದ್ದಿನ ಬಲದಲ್ಲಷ್ಟೇ ಗುಂಡು ನಳಿಗೆಯೊಳಗೆ ಅರ್ಧ ದಾರಿ ಹೋಗಿ ಕೂರುತ್ತದೆ. ಶಬ್ದ ಸಣ್ಣದಾಯಿತೆಂದು ಇನ್ನೊಮ್ಮೆ ಟ್ರಿಗರ್ ಎಳೆದಿರೋ, ನಳಿಗೆ ಒಡೆಯುತ್ತದೆ.” ಹಳೆಯ ಕಾಲದ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು, ಹಾರಿಸಿದ ಮೇಲೆ ಉಳಿಯುವ ಉಪ್ಪು ಗಾಳಿಯ ತೇವ ಹೀರಿ ನಳಿಗೆಯನ್ನು ತಿನ್ನುತ್ತದೆ, ಬರೀ ಎಣ್ಣೆಗೆ ಅದು ಕರಗುವುದಿಲ್ಲ, ಬಿಸಿನೀರೇ ಬೇಕು ಎಂದೂ ವಿವರಿಸಿದರು. ಅಜ್ಜ ರಿವಾಲ್ವರಿಗೆ ಬಿಸಿನೀರು ಹುಯ್ಯುತ್ತಿದ್ದುದು ಅಪ್ಪನಿಗೆ ಆಗ ನೆನಪಾಯಿತು. ಚಿಕ್ಕಂದಿನಲ್ಲಿ ಅದನ್ನು ಮಡಿಯೆಂದು ತಿಳಿದಿದ್ದರಂತೆ. ಅಜ್ಜ ಓದಿದ್ದು ಮುಲ್ಕಿ ಪರೀಕ್ಷೆಯವರೆಗೆ, ಆದರೆ ತನ್ನ ಕೈಯಲ್ಲಿದ್ದ ವಸ್ತುವಿಗೆ ಏನು ಬೇಕೆಂದು ತಿಳಿದುಕೊಂಡಿದ್ದರು. ನಳಿಗೆಯೊಳಗೆ ಬೆಳಕು ಬಿಟ್ಟು ನೋಡಿದಾಗ ಸುರುಳಿ ಗೆರೆಗಳು ಇನ್ನೂ ಹೊಳೆಯುತ್ತಿದ್ದುದು ಆ ಬಿಸಿನೀರಿನಿಂದಲೇ.

ಅಪ್ಪ ಪೆಟ್ಟಿಗೆಯನ್ನು ಕಾಕಾನ ಮುಂದೆ ಸರಿಸಿದರು. ಅವನ್ನು ಲೆಕ್ಕದಿಂದ ತೆಗೆದು ವಿಲೇವಾರಿ ಮಾಡಿಸಲು ಠಾಣೆಗೆ ಬರೆದುಕೊಡುವ ಅರ್ಜಿಯ ನಮೂನೆಯನ್ನು ಕಾಕಾ ಅಲ್ಲೇ ಬರೆದರು. ಖಾಲಿ ರಟ್ಟಿನ ಪೆಟ್ಟಿಗೆ ಮಾತ್ರ ಅಪ್ಪನಿಗೆ ಮರಳಿ ಸಿಕ್ಕಿತು.

ಹೊಸದಾಗಿ ಕೊಂಡದ್ದು ಸ್ಮಿತ್ ಅಂಡ್ ವೆಸನ್ ಲಾಂಗ್, ಸಾಧಾರಣ ಮದ್ದಿನ ಭರ್ತಿಯದು, ಬುಡದಲ್ಲಿ ಖಡಕಿ ಕಾರ್ಖಾನೆಯ ‘ಕೆಎಫ್’ ಮುದ್ರೆ. ಡಬ್ಬಿ ಒಡೆದು ಆರನ್ನು ಒಂದೊಂದಾಗಿ ಚೇಂಬರಿಗೆ ಬಿಟ್ಟು ನೋಡಿದೆವು: ತಡೆಯಿಲ್ಲದೆ ಇಳಿಯಬೇಕು, ಅಂಚು ಪೂರ್ತಿ ಕೂರಬೇಕು, ಸಿಲಿಂಡರ್ ಮುಚ್ಚಿದ ಮೇಲೆ ಹಿಂಬದಿಗೆ ಉಜ್ಜಬಾರದು. ಸಿಲಿಂಡರ್ ಮುಚ್ಚಿ ನೋಡುವ ಕೆಲಸವನ್ನು ಕಾಕಾ ಕಿಡಿಮದ್ದಿಲ್ಲದ ಡಮ್ಮಿ ಇಟ್ಟೇ ಮಾಡಿದರು. ಜೀವಂತ ಕಾಡತೂಸಿನೊಡನೆ ಮೇಜಿನ ಮೇಲೆ ಸಿಲಿಂಡರ್ ಮುಚ್ಚುವುದು ಅವರ ಕಟ್ಟಳೆಯಲ್ಲಿ ಇಲ್ಲ. ಪರವಾನಗಿ ಪುಸ್ತಕದಲ್ಲಿ ತಾರೀಖು, ಸಂಖ್ಯೆ, ಅಂಗಡಿಯ ಮೊಹರು ಬಿದ್ದವು. ತಡವಾಗಿ ಸದ್ದು ಮಾಡಿದ ಚೇಂಬರನ್ನು ಗುರುತಿಸಲು ಸಿಲಿಂಡರಿನ ಚಿತ್ರ ಬರೆದು, ಅದರ ಪಕ್ಕದಲ್ಲಿ ಒಂದು ಗೆರೆ ಎಳೆದು ಕೊಟ್ಟರು: ವರ್ಷಕ್ಕೊಮ್ಮೆ ತಂದು ತೋರಿಸು, ಅದು ಇನ್ನಷ್ಟು ತಡವಾದರೆ ಆ ಕೈಯನ್ನು ಹೊಂದಿಸಬೇಕು, ಅಲ್ಲಿಯವರೆಗೆ ಖಾಲಿ ರಿವಾಲ್ವರಿನ ಟ್ರಿಗರ್ ಎಳೆದು ಆಟವಾಡಬೇಡ.

ವರ್ಗಾವಣೆಯ ಅರ್ಜಿಯನ್ನು ಗದಗದ ಜಿಲ್ಲಾಧಿಕಾರಿ ಕಚೇರಿಗೆ ಕೊಟ್ಟಿದ್ದೇವೆ. ಅದಕ್ಕೆ ಬೇಕಾದ ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರಕ್ಕೂ ಹೆಸರು ಬರೆಸಿದ್ದೇನೆ. ಪರವಾನಗಿ ಬಂದರೆ, ನೋಡಬೇಕಾದ್ದು 25 ಮೀಟರಿನಲ್ಲಿ ಈ ನಳಿಗೆ ಸಾಧಾರಣ ಭರ್ತಿಯ ಆರು ಗುಂಡುಗಳನ್ನು ಎಷ್ಟು ಹತ್ತಿರ ಹತ್ತಿರ ಕೂಡಿಸುತ್ತದೆ ಎಂಬುದನ್ನು.